ಮಿದುಳಿನ ಸಂಪರ್ಕದ ಏರಿಳಿತ ಅಳೆಯುವುದು ಹೇಗೆ? ಸ್ಕಿಜೋಫ್ರೀನಿಯಾ ಡೇಟಾ ಹಿಡಿದು ಹಂತ ಹಂತವಾಗಿ

ಪ್ರಾಜೆಕ್ಟಿಗೆ ವಿಷಯ ಹುಡುಕುವ ಎಂಎಸ್ಸಿ, ಎಂಟೆಕ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು: "ಸ್ಕಿಜೋಫ್ರೀನಿಯಾ ಇರುವವರಲ್ಲಿ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಹೊತ್ತುಹೊತ್ತಿಗೆ ಬದಲಾಗುವ ರೀತಿಯೇ ಬೇರೆಯಂತೆ. ನಾವೇ ಡೇಟಾ ಇಳಿಸಿಕೊಂಡು ಅದನ್ನು ನೋಡಬಹುದೇ?" ಧಾರಾಳವಾಗಿ ನೋಡಬಹುದು. ಸಾಧಾರಣ ಲ್ಯಾಪ್‌ಟಾಪ್ ಸಾಕು, ಡೇಟಾ ಉಚಿತ, ಕೋಡ್ ಒಂದೆರಡು ಪುಟ ಮೀರುವುದಿಲ್ಲ. ಕಷ್ಟ ಬರುವುದು ಆಮೇಲೆ. ಪರದೆಯ ಮೇಲೆ ಏರಿಳಿಯುವ ಗೆರೆ ಮಿದುಳಿನದ್ದೋ, ಲೆಕ್ಕದ ಗದ್ದಲವೋ, ತಲೆ ಅಲುಗಿದ್ದೋ, ಮಲಗಿದವರು ತೂಕಡಿಸಿದ್ದೋ ಎಂದು ಬೇರ್ಪಡಿಸಬೇಕಲ್ಲ, ಹೆಚ್ಚಿನ ಪ್ರಾಜೆಕ್ಟುಗಳು ಎಡವುವುದು ಅಲ್ಲೇ. ಹಾಗಾಗಿ ಈ ಲೇಖನದಲ್ಲಿ ಆ ಹಂತಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮನೆಯವರ ಚಿಕಿತ್ಸೆಗಾಗಿ ಈ ವಿಷಯ ಹುಡುಕುತ್ತಿರುವವರಿಗೆ ಮೊದಲೇ ಒಂದು ಮಾತು. ಇದು ಸಂಶೋಧನೆಯ ಸಾಧನ, ರೋಗಪತ್ತೆಯ ಪರೀಕ್ಷೆ ಅಲ್ಲ. ಸೈಕೋಸಿಸ್ (ಇಲ್ಲದ್ದನ್ನು ಕಾಣುವ, ಕೇಳುವ, ನಂಬುವ ಸ್ಥಿತಿ) ಮೊದಲ ಬಾರಿ ಕಾಣಿಸಿಕೊಂಡಾಗ ವೈದ್ಯರು ಎಂಆರ್‌ಐ ಬರೆದುಕೊಟ್ಟರೆ ಅದು ಗಡ್ಡೆ, ಮಿದುಳಿನ ಉರಿಯೂತದಂಥ ಬೇರೆ ಕಾರಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳಲು. "ಸಂಪರ್ಕ ನೋಡಿ ಕಾಯಿಲೆ ಹೇಳುತ್ತೇವೆ" ಎಂದು ಯಾರಾದರೂ ಸ್ಕ್ಯಾನಿಗೆ ದುಡ್ಡು ಕೇಳಿದರೆ ಕೊಡಬೇಡಿ. ಯಾರ ಬಳಿ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ.

ತಿಳಿದಿರಬೇಕಾದ ನಾಲ್ಕಾರು ಪದ

ಎಫ್‌ಎಂಆರ್‌ಐ ಸ್ಕ್ಯಾನರ್ ನರಕೋಶಗಳ ಚಟುವಟಿಕೆಯನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಭಾಗ ಚುರುಕಾದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆ ಬದಲಾವಣೆಯನ್ನು ಸ್ಕ್ಯಾನರ್ ಹಿಡಿಯುತ್ತದೆ. ಇದಕ್ಕೆ ಬೋಲ್ಡ್ ಸಿಗ್ನಲ್ ಎನ್ನುತ್ತಾರೆ. ಇದು ನಿಧಾನದ ಸಿಗ್ನಲ್. ನರಕೋಶ ಮಿಡಿದು ಐದಾರು ಸೆಕೆಂಡ್ ಕಳೆದ ಮೇಲೆ ತುದಿ ಮುಟ್ಟುತ್ತದೆ. ಇಡೀ ಮಿದುಳಿನ ಒಂದು ಚಿತ್ರ ತೆಗೆಯಲು ಹಿಡಿಯುವ ಸಮಯಕ್ಕೆ ಟಿಆರ್ ಎಂದು ಹೆಸರು. ನಾವು ಬಳಸಲಿರುವ ಡೇಟಾದಲ್ಲಿ ಅದು 2 ಸೆಕೆಂಡ್.

ಏನೂ ಕೆಲಸ ಕೊಡದೆ ಸುಮ್ಮನೆ ಮಲಗಿಸಿ ತೆಗೆದ ಸ್ಕ್ಯಾನ್ ರೆಸ್ಟಿಂಗ್ ಸ್ಟೇಟ್ ಸ್ಕ್ಯಾನ್. ಬೆರಳು ಆಡಿಸದೆ ಸುಮ್ಮನಿದ್ದರೂ ಎಡ ಮತ್ತು ಬಲ ಬದಿಯ ಚಲನ ಕೇಂದ್ರಗಳ ಸಿಗ್ನಲ್ ಜೊತೆಜೊತೆಯಾಗಿ ಏರಿ ಇಳಿಯುತ್ತದೆ ಎಂದು ಭರತ್ ಬಿಸ್ವಾಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಹೀಗೆ ಎರಡು ಭಾಗಗಳ ಸಿಗ್ನಲ್ ಜೊತೆಗೂಡಿ ಏರಿಳಿಯುವುದಕ್ಕೇ ಫಂಕ್ಷನಲ್ ಕನೆಕ್ಟಿವಿಟಿ ಎಂದು ಹೆಸರು. ಇಲ್ಲಿ ಸಂಪರ್ಕ ಎಂದು ಕರೆಯುತ್ತೇನೆ. ಸಂಪರ್ಕ ಎಂದಾಕ್ಷಣ ತಂತಿ ಎಳೆದಂತೆ ನರಗಳು ಜೋಡಿವೆ ಎಂದುಕೊಳ್ಳಬೇಡಿ. ಇದು ಬರೀ ಕೊರಿಲೇಶನ್, ಅಂದರೆ ಸಹಸಂಬಂಧ.

ಇಡೀ ಸ್ಕ್ಯಾನಿಗೆ ಒಂದೇ ಸಹಸಂಬಂಧ ಲೆಕ್ಕ ಹಾಕಿದರೆ ಅದು ಸ್ಥಿರ ಸಂಪರ್ಕ. ಸ್ಕ್ಯಾನನ್ನು ಚಿಕ್ಕ ಚಿಕ್ಕ ತುಣುಕು (ಇದಕ್ಕೆ ವಿಂಡೋ ಎನ್ನುತ್ತಾರೆ) ಮಾಡಿ ಒಂದೊಂದರಲ್ಲೂ ಬೇರೆಯಾಗಿ ಲೆಕ್ಕ ಹಾಕಿದರೆ ಡೈನಮಿಕ್, ಅಂದರೆ ಕಾಲದೊಂದಿಗೆ ಬದಲಾಗುವ ಸಂಪರ್ಕ.

ಈ ದಾರಿಯಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನ 2014ರದ್ದು. ದಾಮರಾಜು ಮತ್ತು ಸಂಗಡಿಗರು 151 ಸ್ಕಿಜೋಫ್ರೀನಿಯಾ ರೋಗಿಗಳನ್ನೂ 163 ಆರೋಗ್ಯವಂತರನ್ನೂ ಹೋಲಿಸಿ, ಸಂಪರ್ಕದ ವಿನ್ಯಾಸಗಳನ್ನು 5 ಸ್ಥಿತಿಗಳಾಗಿ ಗುಂಪು ಮಾಡಿದರು. ಮಿದುಳಿನುದ್ದಕ್ಕೂ ಸಂಪರ್ಕ ಗಟ್ಟಿಯಾಗಿರುವ ಸ್ಥಿತಿಗಳಲ್ಲಿ ರೋಗಿಗಳು ಕಳೆದ ಹೊತ್ತು ಕಡಿಮೆ ಎಂದು ಕಂಡಿತು. ನಾವು ಮಾಡಲಿರುವುದು ಇದೇ ವಿಧಾನದ ಚಿಕ್ಕ ರೂಪ.

ಹಂತ 1: ಡೇಟಾ

ಓಪನ್‌ನ್ಯೂರೊ ಎಂಬ, ಮಿದುಳಿನ ಸ್ಕ್ಯಾನುಗಳನ್ನು ಉಚಿತವಾಗಿ ಹಂಚುವ ತಾಣದಲ್ಲಿ ಡಿಎಸ್000030 ಎಂಬ ಸಂಗ್ರಹವಿದೆ. ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಗ್ರಹಿಸಿದ್ದು. ಆರೋಗ್ಯವಂತರು 130, ಸ್ಕಿಜೋಫ್ರೀನಿಯಾ 50, ಬೈಪೋಲಾರ್ 49, ಎಡಿಎಚ್‌ಡಿ 43. ಒಂದು ರೆಸ್ಟಿಂಗ್ ಸ್ಕ್ಯಾನ್ 304 ಸೆಕೆಂಡ್, ಅಂದರೆ 152 ಚಿತ್ರ. ಕಣ್ಣು ತೆರೆದಿರಲು ಹೇಳಿದ್ದರು.

ಸಂಗ್ರಹದಲ್ಲಿ ಬೇರೆ ಬೇರೆ ಕೆಲಸಗಳ ಸ್ಕ್ಯಾನುಗಳೂ ಇವೆ. ಪೂರ್ತಿ ಇಳಿಸಲು ಹೋದರೆ ಡಿಸ್ಕ್ ತುಂಬಿಹೋಗುತ್ತದೆ. ರೆಸ್ಟ್ ಎಂದು ಹೆಸರಿರುವ ಫೈಲುಗಳನ್ನಷ್ಟೇ ಇಳಿಸಿ. ಎಲ್ಲರಿಗೂ ರೆಸ್ಟ್ ಸ್ಕ್ಯಾನ್ ಇಲ್ಲ, ಆದ್ದರಿಂದ ಯಾರಿಗಿದೆ, ಯಾರಿಗಿಲ್ಲ ಎಂಬ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ. ಹಸಿ ಡೇಟಾದಿಂದ ಶುರು ಮಾಡುವ ಹಟ ಬೇಡ. ಎಫ್‌ಎಂಆರ್‌ಐ-ಪ್ರೆಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಸಂಸ್ಕರಿಸಿದ ರೂಪವನ್ನು 2017ರಲ್ಲೇ ಬಿಡುಗಡೆ ಮಾಡಿದ್ದಾರೆ.

ಭಾಗಿಗಳ ಪಟ್ಟಿಯ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು ಎಲ್ಲ ಕಾಲಂಗಳನ್ನೂ ಓದಿ. ರೋಗದ ಕಾಲಂ ಒಂದನ್ನೇ ನೋಡಿ ಮುಂದೆ ಹೋಗುವವರು ಬಹಳ. ಅಲ್ಲೇ ಸ್ಕ್ಯಾನರಿನ ಸೀರಿಯಲ್ ಸಂಖ್ಯೆಯ ಕಾಲಂ ಇದೆ. ಎರಡು ಸ್ಕ್ಯಾನರ್ ಬಳಕೆಯಾಗಿವೆ. 'ಘೋಸ್ಟ್' ಎಂಬ ಇನ್ನೊಂದು ಕಾಲಂ ಇದೆ. ಹೆಡ್‌ಸೆಟ್‌ನಿಂದ ಬಂದಿರಬಹುದಾದ ನೆರಳು ಕೆಲವರ ರಚನಾ ಸ್ಕ್ಯಾನಿನಲ್ಲಿ ಬಿದ್ದಿದೆ ಎಂಬುದರ ಗುರುತು ಅದು. ನಾವು ಹೋಲಿಸಲಿರುವ ಸ್ಕಿಜೋಫ್ರೀನಿಯಾ, ಆರೋಗ್ಯವಂತರು ಈ ಎರಡು ಗುಂಪೂ ಎರಡು ಸ್ಕ್ಯಾನರಿಗೆ ಒಂದೇ ಪ್ರಮಾಣದಲ್ಲಿ ಹಂಚಿಕೆಯಾಗಿವೆಯೇ ನೋಡಿ. ಇಲ್ಲದಿದ್ದರೆ ಕೊನೆಗೆ ನಿಮಗೆ ಸಿಗುವುದು ಸ್ಕ್ಯಾನರುಗಳ ವ್ಯತ್ಯಾಸ, ಕಾಯಿಲೆಯದ್ದಲ್ಲ.

ಆರೋಗ್ಯವಂತರು ಎರಡೂವರೆ ಪಟ್ಟು ಹೆಚ್ಚಿದ್ದಾರೆ ಎಂಬುದನ್ನೂ ಮರೆಯಬೇಡಿ. ಎಲ್ಲರನ್ನೂ ಸೇರಿಸಿದರೆ ಮುಂದೆ ಬರುವ ಗುಂಪು ಮಾಡುವ ಹಂತದಲ್ಲಿ ಅವರದೇ ಕಾರುಬಾರು. ವಯಸ್ಸು, ಲಿಂಗ, ಸ್ಕ್ಯಾನರ್, ತಲೆಯ ಅಲುಗಾಟ ನಾಲ್ಕೂ ಹೊಂದುವಂತೆ, ರೋಗಿಗಳ ಸಂಖ್ಯೆಗೆ ಸಮನಾಗಿ ಆರೋಗ್ಯವಂತರನ್ನು ಆರಿಸಿಕೊಳ್ಳಿ.

ಹಂತ 2: ತಲೆ ಅಲುಗಿದ ಲೆಕ್ಕ

ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ತಲೆ ಎಷ್ಟು ಸರಿಯಿತು ಎಂಬುದರ ಅಳತೆಗೆ ಫ್ರೇಮ್‌ವೈಸ್ ಡಿಸ್‌ಪ್ಲೇಸ್‌ಮೆಂಟ್ ಎನ್ನುತ್ತಾರೆ. ಚಿಕ್ಕದಾಗಿ ಎಫ್‌ಡಿ, ಅಳೆಯುವುದು ಮಿಲಿಮೀಟರಿನಲ್ಲಿ. ಪ್ರತಿಯೊಬ್ಬರ ಕನ್‌ಫೌಂಡ್ಸ್ ಫೈಲಿನಲ್ಲಿ (ಸಿಗ್ನಲ್ ಕೆಡಿಸುವ ಅಂಶಗಳ ಪಟ್ಟಿ) ಇದು ತಯಾರಾಗಿಯೇ ಇರುತ್ತದೆ. 2017ರ ಆ ಹಳೆಯ ಬಿಡುಗಡೆಯಲ್ಲಿ ಕಾಲಂಗಳ ಹೆಸರು ಇವತ್ತಿನ ರೂಢಿಯಂತಿಲ್ಲ. ನೈಲರ್ನ್ ಎಂಬ ಪೈಥಾನ್ ಗ್ರಂಥಾಲಯದ ಸಿದ್ಧ ಫಂಕ್ಷನ್ "ಕಾಲಂ ಸಿಗುತ್ತಿಲ್ಲ" ಎಂದರೆ ಗಾಬರಿ ಬೇಡ, ಫೈಲು ಹಾಳಾಗಿಲ್ಲ. ಕೋಷ್ಟಕ ಓದುವ ಇನ್ನೊಂದು ಗ್ರಂಥಾಲಯ ಪಾಂಡಾಸ್‌ನಲ್ಲಿ ಓದಿ ಕಾಲಂಗಳನ್ನು ನೀವೇ ಆರಿಸಿಕೊಳ್ಳಿ.

ಸರಾಸರಿ ಎಫ್‌ಡಿ ಹೆಚ್ಚಿರುವವರನ್ನು ಪೂರ್ತಿ ಬಿಟ್ಟುಬಿಡಿ. ಮಿತಿ 0.2 ಮಿ.ಮೀ. ಇರಲಿ, 0.5 ಇರಲಿ, ಫಲಿತಾಂಶ ನೋಡುವ ಮೊದಲೇ ಅದನ್ನು ಬರೆದಿಡಿ. ಅಲುಗಿದ ಚಿತ್ರಗಳನ್ನಷ್ಟೇ ಕಿತ್ತು ಉಳಿದವನ್ನು ಅಂಟಿಸುವ ಪದ್ಧತಿ ಸ್ಥಿರ ಸಂಪರ್ಕಕ್ಕೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ: ಕಾಲದ ಸರಪಳಿಯೇ ತುಂಡಾಗಿ, ದೂರದ ಎರಡು ಗಳಿಗೆಗಳು ಅಕ್ಕಪಕ್ಕ ಬಂದು ಕೂರುತ್ತವೆ. ಬೇಕಿದ್ದರೆ ಅಲುಗಾಟವಿರುವ ಇಡೀ ವಿಂಡೋವನ್ನು ಆಮೇಲೆ ತೆಗೆದುಹಾಕಿ.

ಚಲನೆಯ ಅಂಕಿಗಳನ್ನೂ, ಬಿಳಿದ್ರವ್ಯ ಮತ್ತು ಮಿದುಳುಬಳ್ಳಿ ದ್ರವದ ಸಿಗ್ನಲನ್ನೂ ರಿಗ್ರೆಶನ್ ಮೂಲಕ ಕಳೆಯಿರಿ. ಈ ಕಳೆಯುವ ಕೆಲಸ ಒಮ್ಮೆ, ಬೇಡದ ಆವರ್ತನದ ಅಲೆಗಳನ್ನು ತೆಗೆಯುವ ಫಿಲ್ಟರ್ ಇನ್ನೊಮ್ಮೆ ಎಂದು ಬಿಡಿಬಿಡಿಯಾಗಿ ಮಾಡಿದರೆ ತೆಗೆದ ಕೊಳೆ ಹಿಂಬಾಗಿಲಿನಿಂದ ಒಳಬರುತ್ತದೆ. ನೈಲರ್ನ್‌ನ ಕ್ಲೀನ್ ಫಂಕ್ಷನ್‌ಗೆ ಎರಡನ್ನೂ ಒಟ್ಟಿಗೆ ಕೊಡಿ. ಇಡೀ ಮಿದುಳಿನ ಸರಾಸರಿ ಸಿಗ್ನಲನ್ನು ಕಳೆಯಬೇಕೇ ಬೇಡವೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಸ್ಕಿಜೋಫ್ರೀನಿಯಾದಲ್ಲಿ ಆ ಸರಾಸರಿ ಸಿಗ್ನಲಿನ ಏರಿಳಿತವೇ ಹೆಚ್ಚು ಎಂಬ ವರದಿ 2014ರಲ್ಲಿ ಬಂದ ಮೇಲಂತೂ ಅದನ್ನು ಕಣ್ಣುಮುಚ್ಚಿ ಕಳೆಯುವಂತಿಲ್ಲ. ಎರಡೂ ರೀತಿ ಮಾಡಿ, ಎರಡನ್ನೂ ವರದಿಯಲ್ಲಿ ಕೊಡಿ.

ಹಂತ 3: ಮಿದುಳನ್ನು ಭಾಗ ಮಾಡುವುದು

ಮಿದುಳನ್ನು ಭಾಗಗಳಾಗಿ ಗುರುತಿಸಿದ ನಕ್ಷೆಗೆ ಅಟ್ಲಾಸ್ ಎನ್ನುತ್ತಾರೆ. 2018ರ ಶೇಫರ್ ಅಟ್ಲಾಸ್ ನೈಲರ್ನ್‌ನಲ್ಲೇ ಸಿಗುತ್ತದೆ. 100 ಭಾಗಗಳ ಆವೃತ್ತಿ ಸಾಕು. 100 ಭಾಗವೆಂದರೆ 4950 ಜೋಡಿ. 400 ಭಾಗ ತೆಗೆದುಕೊಂಡರೆ ಜೋಡಿಗಳು 79,800 ಆಗುತ್ತವೆ. ಐದು ನಿಮಿಷದ ಸ್ಕ್ಯಾನಿಗೆ ಅದು ಹೊರಲಾರದ ಹೊರೆ. ಇನ್ನೊಂದು ವಿಷಯ, ಶೇಫರ್ ಅಟ್ಲಾಸಿನಲ್ಲಿ ಇರುವುದು ಮಿದುಳಿನ ಹೊರಪದರ ಮಾತ್ರ. ಸ್ಕಿಜೋಫ್ರೀನಿಯಾ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಥಾಲಮಸ್ (ಸಂವೇದನೆಗಳನ್ನು ಹೊರಪದರಕ್ಕೆ ದಾಟಿಸುವ ಒಳಭಾಗ) ಅದರಲ್ಲಿಲ್ಲ. ಹಾರ್ವರ್ಡ್-ಆಕ್ಸ್‌ಫರ್ಡ್ ಅಟ್ಲಾಸಿನ ಒಳಭಾಗಗಳ ನಕ್ಷೆಯಿಂದ ಎರಡು ಬದಿಯ ಥಾಲಮಸ್ ಸೇರಿಸಿಕೊಳ್ಳಿ.

ಹಂತ 4: ವಿಂಡೋ ಸರಿಸುವುದು

152 ಚಿತ್ರಗಳಲ್ಲಿ ಮೊದಲ 30 ತೆಗೆದುಕೊಂಡು, ಅಂದರೆ 60 ಸೆಕೆಂಡಿನ ತುಣುಕಿಗೆ, ಎಲ್ಲ ಜೋಡಿಗಳ ಸಹಸಂಬಂಧ ಲೆಕ್ಕ ಹಾಕಿ. ಒಂದು ಚಿತ್ರ ಮುಂದೆ ಸರಿದು 2ರಿಂದ 31ರವರೆಗೆ ಮತ್ತೆ ಹಾಕಿ. ಹೀಗೆ ಕೊನೆ ಮುಟ್ಟಿದರೆ ಒಬ್ಬರಿಗೆ 123 ವಿಂಡೋ ಸಿಗುತ್ತವೆ. ತುಣುಕಿನ ಅಂಚುಗಳನ್ನು ಗಾಸಿಯನ್ (ಗಂಟೆಯ) ಆಕಾರದಲ್ಲಿ ಮೆದುಮಾಡುವುದು ವಾಡಿಕೆ. ಇಲ್ಲದಿದ್ದರೆ ಒಂದೇ ಒಂದು ವಿಪರೀತ ಚಿತ್ರ ಒಳಗೆ ಬಂದಾಗೊಮ್ಮೆ, ಹೊರಗೆ ಹೋದಾಗೊಮ್ಮೆ ಗೆರೆ ಜಿಗಿಯುತ್ತದೆ. ಪ್ರತಿ ಸಹಸಂಬಂಧವನ್ನೂ, ಗದ್ದಲದ ಪ್ರಮಾಣ ಎಲ್ಲ ಬೆಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗುವಂತೆ ಮಾಡುವ ಫಿಶರ್ ಜ಼ಡ್‌ಗೆ ಪರಿವರ್ತಿಸಿ.

ವಿಂಡೋ ಎಷ್ಟು ಉದ್ದ ಇರಬೇಕು? 2014ರಲ್ಲಿ ಆ್ಯಲೆನ್ ಮತ್ತು ಸಂಗಡಿಗರು 44 ಸೆಕೆಂಡ್ ಬಳಸಿದರು, ಅದನ್ನೇ ಬಹಳ ಜನ ನಕಲು ಮಾಡಿದರು. 2015ರಲ್ಲಿ ಲಿಯೊನಾರ್ಡಿ ಮತ್ತು ವಾನ್ ಡೆ ವಿಲ್ ಒಂದು ಸರಳ ನಿಯಮ ಕೊಟ್ಟರು: ಸಿಗ್ನಲಿನಲ್ಲಿರುವ ಅತಿ ನಿಧಾನದ ಅಲೆ ಒಂದು ಸುತ್ತು ಮುಗಿಸುವಷ್ಟಾದರೂ ವಿಂಡೋ ಉದ್ದವಿರಬೇಕು. ಇಲ್ಲವಾದರೆ ನಿಧಾನದ ಅಲೆಯ ಅರ್ಧಂಬರ್ಧ ತುಂಡು ಹುಸಿ ಏರಿಳಿತವಾಗಿ ಕಾಣುತ್ತದೆ. 60 ಸೆಕೆಂಡಿನ ವಿಂಡೋ ಬೇಕೆಂದರೆ ಸುಮಾರು 0.017 ಹರ್ಟ್ಜ್‌ಗಿಂತ ನಿಧಾನದ ಅಲೆಗಳನ್ನು ಫಿಲ್ಟರಿನಲ್ಲಿ ಮೊದಲೇ ತೆಗೆದಿರಬೇಕು. ಮಾಮೂಲಿನ 0.01 ಹರ್ಟ್ಜ್ ಫಿಲ್ಟರ್ ಉಳಿಸಿಕೊಂಡರೆ ವಿಂಡೋ 100 ಸೆಕೆಂಡ್ ಆಗಬೇಕು, ಆಗ ಐದು ನಿಮಿಷದ ಸ್ಕ್ಯಾನಿನಲ್ಲಿ ಉಳಿಯುವುದು ಮೂರೇ ತುಣುಕು.

ಹಂತ 5: ಹುಸಿ ಡೇಟಾ ತಯಾರಿಸಿ (ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ)

ಈಗ ಯಾವುದಾದರೂ ಒಂದು ಜೋಡಿಯ 123 ಬೆಲೆಗಳ ಗೆರೆ ಎಳೆದು ನೋಡಿ. ಒಮ್ಮೆ 0.7, ಸ್ವಲ್ಪ ಹೊತ್ತಿಗೆ 0.1, ಮತ್ತೆ ಮೇಲಕ್ಕೆ. ಕಣ್ಣಿಗೆ ಹಬ್ಬ! ಆದರೆ ನಾಣ್ಯವನ್ನು 10 ಸಲ ಚಿಮ್ಮಿದಾಗ ಒಮ್ಮೆ 7 ಹೆಡ್ಸ್, ಇನ್ನೊಮ್ಮೆ 4 ಬಂದರೆ ನಾಣ್ಯ ಬದಲಾಯಿತೆಂದು ಯಾರೂ ಹೇಳುವುದಿಲ್ಲ. ಇಲ್ಲಿಯೂ ಅಷ್ಟೇ. ವಿಂಡೋದಲ್ಲಿ 30 ಚಿತ್ರಗಳಿದ್ದರೂ, 0.017ರಿಂದ 0.1 ಹರ್ಟ್ಜ್‌ಗೆ ಫಿಲ್ಟರ್ ಮಾಡಿದ ಮೇಲೆ ಅದರಲ್ಲಿ ಉಳಿಯುವುದು ಸುಮಾರು 10 ಸ್ವತಂತ್ರ ಅಳತೆಗಳಷ್ಟು ಮಾಹಿತಿ. ಹತ್ತು ಅಳತೆಗಳಿಂದ ಸಹಸಂಬಂಧ ಲೆಕ್ಕ ಹಾಕಿದರೆ, ನಿಜವಾದ ಸಂಬಂಧ ಸೊನ್ನೆಯೇ ಇದ್ದರೂ –0.6ರಿಂದ +0.6ರವರೆಗೆ ಎಲ್ಲಿ ಬೇಕಾದರೂ ಬಂದು ನಿಲ್ಲಬಹುದು. ಅಂದರೆ ಸಂಪರ್ಕ ಒಂಚೂರೂ ಬದಲಾಗದ ಮಿದುಳಿನಲ್ಲೂ ಇಂಥದೇ ಗೆರೆ ಬರುತ್ತದೆ.

ಆದ್ದರಿಂದ ಸಂಪರ್ಕ ಬದಲಾಗದ ಡೇಟಾವನ್ನು ನಾವೇ ತಯಾರಿಸಿ ಹೋಲಿಸಬೇಕು. ವಿಧಾನದ ಹೆಸರು ಫೇಸ್ ರ‍್ಯಾಂಡಮೈಸೇಶನ್:

1. ಒಬ್ಬ ವ್ಯಕ್ತಿಯ ಎಲ್ಲ ಭಾಗಗಳ ಸಿಗ್ನಲಿಗೂ ಫೂರಿಯರ್ ರೂಪಾಂತರ ಮಾಡಿ, ಅಂದರೆ ಬೇರೆ ಬೇರೆ ಆವರ್ತನದ ಅಲೆಗಳಾಗಿ ಬಿಡಿಸಿ.
2. ಪ್ರತಿ ಆವರ್ತನಕ್ಕೂ ಒಂದು ಯಾದೃಚ್ಛಿಕ ಕೋನ ಆರಿಸಿ, ಎಲ್ಲ ಭಾಗಗಳಿಗೂ ಅದೇ ಕೋನವನ್ನು ಕೂಡಿಸಿ.
3. ಮರಳಿ ಕಾಲದ ಸಿಗ್ನಲಿಗೆ ತನ್ನಿ. ಹೀಗೆ ಒಬ್ಬೊಬ್ಬರಿಗೂ ಕೆಲವು ನೂರು ಪ್ರತಿ ಮಾಡಿ.

ಎರಡನೆಯ ಸಾಲಿನ "ಅದೇ ಕೋನ" ಎಂಬುದರ ಮೇಲೆ ಬೆರಳಿಟ್ಟು ಓದಿ. ಭಾಗಕ್ಕೊಂದು ಬೇರೆ ಕೋನ ಹಾಕಿದರೆ ಭಾಗಗಳ ನಡುವಿನ ಸ್ಥಿರ ಸಂಪರ್ಕವೇ ಅಳಿಸಿಹೋಗುತ್ತದೆ. ಅಂಥ ಹುಸಿ ಡೇಟಾದ ಎದುರು ಯಾವ ಕಳಪೆ ಫಲಿತಾಂಶವೂ ಮಿಂಚುತ್ತದೆ. ಪರೀಕ್ಷಿಸುವುದು ಸುಲಭ: ಹುಸಿ ಪ್ರತಿಯ ಸ್ಥಿರ ಸಹಸಂಬಂಧಗಳು ಮೂಲದ್ದಕ್ಕೆ ಹೊಂದಬೇಕು. ಹೊಂದದಿದ್ದರೆ ಕೋಡಿನಲ್ಲಿ ತಪ್ಪಿದೆ.

ಈಗ ಅಸಲಿ ಡೇಟಾದಲ್ಲಿ ಪ್ರತಿ ಜೋಡಿಯ ಏರಿಳಿತವನ್ನು, ಅಂದರೆ ಫಿಶರ್ ಜ಼ಡ್ ಬೆಲೆಗಳ ಮಾನಕ ವಿಚಲನೆಯನ್ನು, ಹುಸಿ ಪ್ರತಿಗಳದ್ದರ ಜೊತೆ ಹೋಲಿಸಿ. ಬಹುಪಾಲು ಜೋಡಿಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಕೈಚೆಲ್ಲಬೇಡಿ, ಅದು ಅಪರೂಪವೇನಲ್ಲ. ಬೋಲ್ಡ್ ಸಿಗ್ನಲಿನಲ್ಲಿ ಕಾಣುವ ಏರಿಳಿತದ ದೊಡ್ಡ ಪಾಲು ಅಳತೆಗಳು ಕಡಿಮೆ ಇರುವುದರಿಂದ ಹುಟ್ಟುವ ಗದ್ದಲ, ತಲೆಯ ಅಲುಗಾಟ ಮತ್ತು ತೂಕಡಿಕೆಯಿಂದ ಬರುತ್ತದೆ ಎಂದು ಲೌಮನ್ ಮತ್ತು ಸಂಗಡಿಗರು 2017ರಲ್ಲಿ ವಾದಿಸಿದ್ದಾರೆ. ಅದಕ್ಕೆ ಪ್ರತಿವಾದಗಳೂ ಇವೆ. ನನ್ನ ಮಟ್ಟಿಗೆ, ಐದು ನಿಮಿಷದ ಸ್ಕ್ಯಾನ್ ಹಿಡಿದು ಕೂತವರು ಲೌಮನ್ ಹೇಳಿದ್ದೇ ಸರಿ ಎಂದು ಹೊರಡುವುದು ಕ್ಷೇಮ.

ಹಂತ 6: ಸ್ಥಿತಿಗಳಾಗಿ ಗುಂಪು ಮಾಡುವುದು

ಎಲ್ಲರ ಎಲ್ಲ ವಿಂಡೋಗಳನ್ನು ಒಟ್ಟಿಗೆ ಹಾಕಿ ಕೆ-ಮೀನ್ಸ್ ಓಡಿಸಿ. ಹತ್ತಿರ ಹತ್ತಿರ ಇರುವ ವಿನ್ಯಾಸಗಳನ್ನು ನೀವು ಹೇಳಿದಷ್ಟು ಗುಂಪು ಮಾಡಿಕೊಡುವ ವಿಧಾನ ಅದು. 5 ಕೇಳಿದರೆ 5 ಕೊಡುತ್ತದೆ, 8 ಕೇಳಿದರೆ 8. ಗುಂಪು ಸಿಕ್ಕಿತು ಎಂಬುದೇ ಅಂಥ ಸ್ಥಿತಿಗಳಿವೆ ಎಂಬುದಕ್ಕೆ ಸಾಕ್ಷಿಯಲ್ಲ. ಸಂಖ್ಯೆಯನ್ನು 3ರಿಂದ 8ರವರೆಗೆ ಬದಲಿಸಿ ನೋಡಿ. 5ರಲ್ಲಿ ಮಾತ್ರ ಕಾಣುವ ವ್ಯತ್ಯಾಸವನ್ನು ನಂಬಬೇಡಿ. ಆರಂಭದ ಬಿಂದುಗಳನ್ನು ಬದಲಿಸುತ್ತ ಹತ್ತಾರು ಸಲ ಓಡಿಸಿ. ಪ್ರತಿ ಸಲ ಸ್ಥಿತಿಗಳ ಕ್ರಮಸಂಖ್ಯೆ ಅದಲುಬದಲಾಗುತ್ತದೆ, ನಿನ್ನೆಯ "ಸ್ಥಿತಿ 3" ಇವತ್ತಿನದೇ ಎಂದುಕೊಂಡು ಕೋಷ್ಟಕ ತುಂಬಬೇಡಿ.

ಇಲ್ಲೊಂದು ಸೂಕ್ಷ್ಮವಿದೆ. ಪೈಥಾನಿನ ಸೈಕಿಟ್-ಲರ್ನ್‌ನ ಕೆ-ಮೀನ್ಸ್‌ಗೆ ಯೂಕ್ಲಿಡಿಯನ್ ದೂರ (ಎರಡು ಬಿಂದುಗಳ ನಡುವಿನ ನೇರ ದೂರ) ಒಂದೇ ಗೊತ್ತು. ಕೆಲವರು ಪ್ರತಿ ವಿಂಡೋವನ್ನೂ ಸೊನ್ನೆ ಸರಾಸರಿ, ಒಂದು ವಿಚಲನೆಗೆ ತಂದು ಆಮೇಲೆ ಕೊಡುತ್ತಾರೆ. ಹಾಗೆ ಮಾಡಿದರೆ ಸಂಪರ್ಕ ಒಟ್ಟಾರೆ ಗಟ್ಟಿಯೋ ಸಡಿಲವೋ ಎಂಬ ಮಾಹಿತಿಯೇ ಹೋಗುತ್ತದೆ, ಆಕಾರವಷ್ಟೇ ಉಳಿಯುತ್ತದೆ. ದಾಮರಾಜು ಹೇಳಿದ "ಗಟ್ಟಿ ಸಂಪರ್ಕದ ಸ್ಥಿತಿ" ಹುಡುಕಲು ಹೊರಟು ಅದನ್ನೇ ಅಳಿಸಿದಂತಾಯಿತು.

ಗುಂಪಾದ ಮೇಲೆ ಒಬ್ಬೊಬ್ಬರಿಗೂ ಮೂರು ಅಂಕಿ ತೆಗೆಯಿರಿ: ಒಂದೊಂದು ಸ್ಥಿತಿಯಲ್ಲಿ ಕಳೆದ ಒಟ್ಟು ಪಾಲು, ಒಮ್ಮೆ ಹೊಕ್ಕರೆ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬ ಡ್ವೆಲ್ ಟೈಮ್, ಸ್ಥಿತಿಯಿಂದ ಸ್ಥಿತಿಗೆ ದಾಟಿದ ಸಂಖ್ಯೆ.

ಹಂತ 7: ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸುವುದು

ಲೆಕ್ಕದ ಘಟಕ ವ್ಯಕ್ತಿ, ವಿಂಡೋ ಅಲ್ಲ. ಒಬ್ಬರ 123 ವಿಂಡೋಗಳು ಒಂದರ ಮೇಲೊಂದು ಹೇರಿಕೊಂಡಿವೆ. ಒಂದನ್ನೊಂದು ಮುಟ್ಟದ ತುಣುಕು ಬರೀ ಐದು. ಎಲ್ಲ ವಿಂಡೋಗಳನ್ನೂ ಸ್ವತಂತ್ರ ಮಾದರಿ ಎಂದು ಟಿ-ಟೆಸ್ಟಿಗೆ ಹಾಕಿ, ದಶಮಾಂಶದ ನಂತರ ಹದಿನೈದು ಸೊನ್ನೆ ಇರುವ ಪಿ-ಬೆಲೆ ತೋರಿಸುವ ವರದಿಗಳಿಗೆ ಬರವಿಲ್ಲ. ಅಂಥದ್ದು ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ. ವ್ಯಕ್ತಿಗಳ ಗುಂಪಿನ ಹಣೆಪಟ್ಟಿಯನ್ನು ಕಲಸಿ ಪರ್ಮ್ಯುಟೇಶನ್ ಪರೀಕ್ಷೆ ಮಾಡಿ. ಹಲವು ಸ್ಥಿತಿ, ಹಲವು ಅಂಕಿ ನೋಡುವಾಗ ಸುಳ್ಳು ಪತ್ತೆಗಳ ಪ್ರಮಾಣಕ್ಕೆ ತಿದ್ದುಪಡಿ ಹಾಕಿ.

ಮುಖ್ಯವಾದ ಪರೀಕ್ಷೆ ಇನ್ನೊಂದಿದೆ, ಹೆಚ್ಚಿನವರು ಮಾಡುವುದಿಲ್ಲ. ಹಂತ 5ರ ಹುಸಿ ಪ್ರತಿಗಳನ್ನೂ ಇದೇ ಸ್ಥಿತಿಗಳಿಗೆ ಹಂಚಿ, ಅಲ್ಲೂ ಗುಂಪುಗಳನ್ನು ಹೋಲಿಸಿ. ಹುಸಿ ಡೇಟಾದಲ್ಲೂ ರೋಗಿಗಳು "ಗಟ್ಟಿ ಸ್ಥಿತಿ"ಯಲ್ಲಿ ಅಷ್ಟೇ ಕಡಿಮೆ ಹೊತ್ತು ಕಳೆದರೆ, ಆ ವ್ಯತ್ಯಾಸಕ್ಕೆ ಕಾಲದ ಬದಲಾವಣೆ ಬೇಕಾಗಿಯೇ ಇಲ್ಲ. ಅವರ ಸ್ಥಿರ ಸಂಪರ್ಕ ಸರಾಸರಿಯಲ್ಲೇ ಕಡಿಮೆ, ಅಷ್ಟೇ. ಅದೂ ಒಂದು ಫಲಿತಾಂಶವೇ, ಆದರೆ ಅದಕ್ಕೆ "ಡೈನಮಿಕ್" ಎಂಬ ಹೆಸರು ಸಲ್ಲದು. ಏರಿಳಿತದ ಅಳತೆಗೂ ಇದೇ ತೊಡಕು. ಫಿಶರ್ ಪರಿವರ್ತನೆ ಮಾಡದ ಸಹಸಂಬಂಧದಲ್ಲಿ ನಿಜಬೆಲೆ ಕಡಿಮೆಯಾದಷ್ಟೂ ಗದ್ದಲ ಹೆಚ್ಚು. ಸ್ಥಿರ ಸಂಪರ್ಕ ಕಡಿಮೆ ಇರುವ ಗುಂಪು ತನ್ನಿಂತಾನೇ "ಹೆಚ್ಚು ಏರಿಳಿಯುವ ಮಿದುಳು" ಆಗಿಬಿಡುತ್ತದೆ.

ಹಂತ 8: ತೂಕಡಿಕೆ ಮತ್ತು ಮಾತ್ರೆ

ಸ್ಕ್ಯಾನರಿನಲ್ಲಿ ಮಲಗಿದವರಲ್ಲಿ ಮೂರರಲ್ಲೊಂದು ಪಾಲು ಜನ ಮೂರೇ ನಿಮಿಷದೊಳಗೆ ಎಚ್ಚರ ತಪ್ಪಿ ಜೊಂಪಿಗೆ ಜಾರುತ್ತಾರೆ ಎಂದು ತಾಗ್ಲಿಯಾಜುಕ್ಕಿ ಮತ್ತು ಲಾಫ್ಸ್ 2014ರಲ್ಲಿ ತೋರಿಸಿದರು. ಜೊಂಪು ಹತ್ತಿದಾಗ ಥಾಲಮಸ್ ಮತ್ತು ಸಂವೇದನಾ ಭಾಗಗಳ ಸಂಬಂಧ ಬದಲಾಗುತ್ತದೆ. ಸ್ಕಿಜೋಫ್ರೀನಿಯಾ ಅಧ್ಯಯನಗಳು ಬೊಟ್ಟು ಮಾಡುವುದೂ ಅದೇ ಜೋಡಿಯತ್ತ. ಇತ್ತ ರೋಗಿಗಳು ನುಂಗುವ ಕ್ಲೋಜಪೀನ್, ಒಲಾಂಜಪೀನ್, ಕ್ವೆಟಿಯಾಪೀನ್ ಮಾತ್ರೆಗಳು ನಿದ್ದೆ ತರಿಸುವಂಥವು. ರಾತ್ರಿ ಮಾತ್ರೆ ತೆಗೆದುಕೊಂಡು ಬೆಳಿಗ್ಗೆ ಸ್ಕ್ಯಾನಿಗೆ ಬಂದವರ ಮಿದುಳಿನಲ್ಲಿ ನಾವು ಅಳೆದದ್ದು ಕಾಯಿಲೆಯೋ ಮಂಪರೋ? ಕಣ್ಣಿನ ಕ್ಯಾಮೆರಾ ಅಥವಾ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಇಲ್ಲದೆ ಪೂರ್ತಿ ಉತ್ತರ ಸಿಗದು.

ಕೈಲಾಗುವಷ್ಟು ಮಾಡಿ. ಸ್ಕ್ಯಾನಿನ ಮೊದಲ ಅರ್ಧ, ಎರಡನೆಯ ಅರ್ಧ ಬೇರೆ ಬೇರೆ ಹೋಲಿಸಿ. ಯಾವುದಾದರೂ ಸ್ಥಿತಿ ಕೊನೆಕೊನೆಗೆ ಹೆಚ್ಚುತ್ತ ಹೋದರೆ ಅದು ಜೊಂಪಿನ ಸ್ಥಿತಿ ಇರಬಹುದು. ಹಾಗೆಯೇ ಪ್ರತಿ ವಿಂಡೋದ ಸರಾಸರಿ ಎಫ್‌ಡಿ ಲೆಕ್ಕ ಹಾಕಿ, ಯಾವ ಸ್ಥಿತಿಯಲ್ಲಿ ಅಲುಗಾಟ ಹೆಚ್ಚು ಎಂದು ನೋಡಿ. ಡೋಸ್ ಮಾಹಿತಿ ಸಿಕ್ಕರೆ ಕ್ಲೋರ್‌ಪ್ರೊಮಜೀನ್ ಸಮಾನ ಪ್ರಮಾಣಕ್ಕೆ (ಬೇರೆ ಬೇರೆ ಔಷಧಗಳ ಡೋಸನ್ನು ಒಂದೇ ಔಷಧದ ಅಳತೆಗೆ ತರುವುದು) ಪರಿವರ್ತಿಸಿ ರೋಗಿಗಳ ಗುಂಪಿನೊಳಗೆ ಹೋಲಿಸಿ.

ಹಂತ 9: ಇನ್ನೊಂದು ಡೇಟಾದಲ್ಲಿ ಓಡಿಸಿ, ಆಮೇಲೆ ಬರೆಯಿರಿ

ಕೋಬ್ರೆ ಎಂಬ ಸಂಗ್ರಹದಲ್ಲಿ ನ್ಯೂ ಮೆಕ್ಸಿಕೋದ 72 ಸ್ಕಿಜೋಫ್ರೀನಿಯಾ ರೋಗಿಗಳೂ 75 ಆರೋಗ್ಯವಂತರೂ ಇದ್ದಾರೆ. ಟಿಆರ್ ಅಲ್ಲೂ 2 ಸೆಕೆಂಡ್, ಚಿತ್ರಗಳು 150, ಆದ್ದರಿಂದ ಕೋಡ್ ಬಹುತೇಕ ಹಾಗೆಯೇ ಓಡುತ್ತದೆ. ಮೊದಲ ಡೇಟಾದಲ್ಲಿ ಕಂಡುಕೊಂಡ ಸ್ಥಿತಿಗಳ ಕೇಂದ್ರಗಳನ್ನು ಬದಲಿಸದೆ ಇಲ್ಲಿಗೆ ತನ್ನಿ. ಹೊಸದಾಗಿ ಗುಂಪು ಮಾಡಿದರೆ ಅದು ಮರುಪರೀಕ್ಷೆ ಆಗುವುದಿಲ್ಲ. ದಾಮರಾಜು ಬಳಸಿದ ಸ್ಕ್ಯಾನುಗಳಲ್ಲಿ ಭಾಗಿಗಳು ಕಣ್ಣು ಮುಚ್ಚಿದ್ದರು, ನಿಮ್ಮ ಮೊದಲ ಡೇಟಾದವರು ತೆರೆದಿದ್ದರು. ಫಲಿತಾಂಶ ಹೊಂದದಿದ್ದರೆ ಮೊದಲು ಈ ವ್ಯತ್ಯಾಸವನ್ನು ನೆನಪಿಸಿಕೊಳ್ಳಿ.

ವರದಿಯಲ್ಲಿ ವಿಂಡೋ ಉದ್ದ, ಫಿಲ್ಟರಿನ ಮಿತಿ, ಎಫ್‌ಡಿ ಮಿತಿ, ಬಿಟ್ಟವರ ಸಂಖ್ಯೆ ಗುಂಪುವಾರು, ಹುಸಿ ಪ್ರತಿಗಳ ಸಂಖ್ಯೆ, ಯಾದೃಚ್ಛಿಕ ಸೀಡ್ (ಯಾದೃಚ್ಛಿಕ ಅಂಕಿಗಳ ಆರಂಭ ಸಂಖ್ಯೆ) ಇವಿಷ್ಟೂ ಇರಲಿ. "ರೋಗಿಗಳ ಮಿದುಳು ಒಂದೇ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ" ಎಂಬಂಥ ವಾಕ್ಯ ಬೇಡ. "ಸಂಪರ್ಕ ಸಡಿಲವಿರುವ ವಿಂಡೋಗಳ ಪಾಲು ರೋಗಿಗಳ ಗುಂಪಿನಲ್ಲಿ ಸರಾಸರಿ ಇಷ್ಟು ಹೆಚ್ಚಿತ್ತು, ಹುಸಿ ಡೇಟಾದಲ್ಲಿ ಇಷ್ಟಿತ್ತು" ಎಂದು ಎರಡೂ ಅಂಕಿ ಅಕ್ಕಪಕ್ಕ ಬರೆಯಿರಿ. ಗೈಡ್ ಒಪ್ಪಿದರೆ ಕೋಡನ್ನೂ ವರದಿಯ ಜೊತೆಗೇ ಲಗತ್ತಿಸಿ.